ಡರ್ಸೊ, ಹರ್ಬಿ, ಬೀನ್‌ಆನಿಮಲ್: ಸಂಪ್‌ಗೆ ನೀರಿಳಿಸುವ ಮೂರು ದಾರಿ

ಅಕ್ವೇರಿಯಂನ ನೀರು ಪೈಪಿನಲ್ಲಿ ಕೆಳಗಿನ ಸಂಪ್‌ಗೆ (ನೀರು ಶೋಧಿಸುವ ಎರಡನೇ ತೊಟ್ಟಿ) ಇಳಿಯುತ್ತದೆ, ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತದೆ. 120×45×45 ಸೆಂ.ಮೀ. ತೊಟ್ಟಿ, ಗಂಟೆಗೆ ಸುಮಾರು 1,200 ಲೀಟರ್ ಹರಿವು. ಮೂರನ್ನೂ ಇದೇ ಅಳತೆಗೆ ಕೂರಿಸಿ ನೋಡಿದಾಗ ಕಂಡದ್ದು ಇಷ್ಟು.

ಡರ್ಸೊಗೆ ಒಂದೇ ಪೈಪ್ ಸಾಕು, ಖರ್ಚೂ ಕಡಿಮೆ. ಆದರೆ ನೀರು, ಗಾಳಿ ಒಟ್ಟಿಗೇ ಇಳಿಯುವುದರಿಂದ ಗುಳುಗುಳು ಸದ್ದು ತಪ್ಪುವುದಿಲ್ಲ. ಪೈಪಿನ ಮುಚ್ಚಳದ ಗಾಳಿತೂತು ಚಿಕ್ಕದಾದರೆ ಪೈಪ್ ಆಗಾಗ ಸೈಫನ್ ಹಿಡಿದು (ಗಾಳಿಯಿಲ್ಲದೆ ಪೂರ್ತಿ ನೀರು ತುಂಬಿ), ಓವರ್‌ಫ್ಲೋ ಪೆಟ್ಟಿಗೆಯ (ತೊಟ್ಟಿಯಿಂದ ತುಳುಕಿದ ನೀರು ಮೊದಲು ಸೇರುವ ಜಾಗ) ನೀರನ್ನೆಲ್ಲ ಒಮ್ಮೆಲೇ ಎಳೆದು, ಗಾಳಿ ಹೀರಿ ಬಿಟ್ಟುಬಿಡುತ್ತದೆ. ಫ್ಲಶ್ ಮಾಡಿದ ಹಾಗೆ. 2 ಮಿ.ಮೀ. ತೂತಿನಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಅಗಲಿಸಿ. ಒಂದು ಬಸವನಹುಳು ಸಿಕ್ಕಿಕೊಂಡರೆ ನೀರು ನೆಲಕ್ಕೇ.

ಹರ್ಬಿಯಲ್ಲಿ ಎರಡು ಪೈಪ್. ಒಂದು ಪೂರ್ತಿ ಸೈಫನ್, ಇನ್ನೊಂದು ಅದಕ್ಕಿಂತ ಎತ್ತರದ ತುರ್ತು ಪೈಪ್. ಸೈಫನ್‌ಗೆ ವಾಲ್ವ್ ಬೇಕೇ ಬೇಕು, ಅದೂ ಗೇಟ್ ವಾಲ್ವ್. ಬಾಲ್ ವಾಲ್ವ್ ಕಾಲು ಸುತ್ತಿನಲ್ಲೇ ಮುಚ್ಚಿಹೋಗುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಸರಿಸಿದರೂ ಪೆಟ್ಟಿಗೆಯ ಮಟ್ಟ ಏರುತ್ತದೆ, ಇಲ್ಲವೇ ಕುಸಿಯುತ್ತದೆ. ಗೇಟ್ ವಾಲ್ವನ್ನು ಕಾಲುಕಾಲು ಸುತ್ತು ತಿರುಗಿಸಿ ಹತ್ತು ನಿಮಿಷ ಕಾದರೆ ಮಟ್ಟ ನಿಲ್ಲುತ್ತದೆ. ಸೈಫನ್ ಪೈಪಿನ ತುದಿ ಸಂಪ್ ನೀರಲ್ಲಿ 2–3 ಸೆಂ.ಮೀ. ಮಾತ್ರ ಮುಳುಗಿರಲಿ. ಹೆಚ್ಚು ಆಳಕ್ಕಿಟ್ಟರೆ ಒಳಗಿನ ಗಾಳಿ ಹೊರಬೀಳದೆ, ಕರೆಂಟ್ ಬಂದಮೇಲೆ ಸೈಫನ್ ಹಿಡಿಯುವುದೇ ಇಲ್ಲ. ತುರ್ತು ಪೈಪಿಗೆ ವಾಲ್ವ್ ಹಾಕಬೇಡಿ, ಅಗಲದಲ್ಲೂ ಸೈಫನ್‌ಗಿಂತ ಸಣ್ಣದಿಡಬೇಡಿ.

ಬೀನ್‌ಆನಿಮಲ್‌ನಲ್ಲಿ ಮೂರನೆಯದೊಂದು ಸೇರುತ್ತದೆ: ನಡುವಿನ ತೆರೆದ ಪೈಪ್. ಹರಿವಿನ ಸಣ್ಣ ಏರುಪೇರನ್ನು ಇದೇ ನುಂಗಿಕೊಳ್ಳುವುದರಿಂದ ವಾಲ್ವನ್ನು ಪದೇಪದೇ ಮುಟ್ಟಬೇಕಿಲ್ಲ. ಸೈಫನ್ ಕಟ್ಟಿಕೊಂಡು ನೀರೇರಿದರೆ ಇದರ ಗಾಳಿ ಕೊಳವೆ ಮುಳುಗಿ, ಇದೇ ಸೈಫನ್ ಆಗುತ್ತದೆ. ಮೂರು ತೂತಿಗೆ ಗಾಜಿನಲ್ಲಿ ಜಾಗವಿದ್ದರೆ ನನ್ನ ಮತ ಇದಕ್ಕೇ, ಇಲ್ಲದಿದ್ದರೆ ಹರ್ಬಿ. ಡರ್ಸೊ ಮಲಗುವ ಕೋಣೆಗಂತೂ ಬೇಡ.

ಯಾವುದನ್ನೇ ಹಾಕಿ, ಪಂಪ್ ನಿಂತಾಗ ವಾಪಸ್ ಇಳಿಯುವ ನೀರಿನ ಲೆಕ್ಕ ಒಂದೇ. ಈ ತೊಟ್ಟಿಯಲ್ಲಿ 1 ಸೆಂ.ಮೀ. ಎಂದರೆ 5.4 ಲೀಟರ್. ರಿಟರ್ನ್ ಮೂತಿ (ಪಂಪಿನ ನೀರು ತೊಟ್ಟಿಗೆ ಮರಳುವ ಪೈಪಿನ ತುದಿ) 3 ಸೆಂ.ಮೀ. ಮುಳುಗಿದ್ದರೆ 16 ಲೀಟರ್ ಇಳಿದು, 75×35 ಸೆಂ.ಮೀ. ಸಂಪ್‌ನಲ್ಲಿ 6 ಸೆಂ.ಮೀ.ಗೂ ಮೇಲೇರುತ್ತದೆ. ಪೈಪ್, ಪೆಟ್ಟಿಗೆಯಲ್ಲಿದ್ದದ್ದು ಬೇರೆ. ಚೆಕ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ನಂಬಿ ಸಂಪ್ ತುಂಬಿಸಬೇಡಿ, ಒಂದು ಮರಳಿನ ಕಾಳು ಸಿಕ್ಕಿದರೂ ಅದು ಸೋರುತ್ತದೆ. ಪಂಪ್ ಆರಿಸಿ, ನೀರು ಇಳಿದು ನಿಂತಮೇಲೆ ಸಂಪ್ ಅಂಚಿನಿಂದ 5 ಸೆಂ.ಮೀ. ಕೆಳಗಿರುವಂತೆ ನೋಡಿಕೊಳ್ಳಿ. ಆಮೇಲೆ ಪಂಪ್ ಹಾಕಿ, ಓಡುವಾಗಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಆ ಗೆರೆ ದಾಟಿ ನೀರು ಹಾಕಬಾರದು.