ಜೆಟ್ ಎಂಜಿನ್ ಪಾರ್ಟ್ಸ್ ಆರ್ಡರ್ ಕೊಡಿಸ್ತೀನಿ ಅಂತ ಯಾರಾದ್ರೂ ಬಂದ್ರೆ ಮೊದ್ಲು ಇದನ್ನ ಓದ್ರಿ

ಲೇತು, ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನು) ಇಟ್ಕೊಂಡಿರೋ ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯೋರಿಗೆ ಇದು. ಬರೀಬೇಕೋ ಬ್ಯಾಡೋ ಅಂತ ಎರಡು ತಿಂಗ್ಳು ಒದ್ದಾಡಿದೆ, ಯಾಕಂದ್ರೆ ಇಪ್ಪತ್ತು ವರ್ಷ ಮಷೀನ್ ಮುಂದೆ ನಿಂತವ್ನಿಗೆ ರಾಡು ಯಾವ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಜನ ನಗ್ತಾರೆ. ನಗ್ರಿ, ಪರವಾಗಿಲ್ಲ, ಆದ್ರೆ ಆ ಮನುಷ್ಯನಿಗೆ ದುಡ್ಡು ಮಾತ್ರ ಕೊಡಬ್ಯಾಡ್ರಿ. ನಂದು ಎಲ್ಲಾ ಸೇರಿ 8 ಲಕ್ಷ 90 ಸಾವಿರ ಹೋತು.

ನಂದು ಕರೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಸಣ್ಣ ಶೆಡ್ಡು. ಎರಡು ಹಳೇ ಲೇತು, ಒಂದು ಸಿಎನ್‌ಸಿ ಟರ್ನಿಂಗು. ರೈಸ್ ಮಿಲ್ ಶಾಫ್ಟು, ಮೆಕ್ಕೆಜೋಳದ ಮಷೀನಿನ ಬುಷ್ಷು (ಶಾಫ್ಟು ಕೂರೋ ಕೊಳವೆ), ಟ್ರ್ಯಾಕ್ಟರ್ ಪಿನ್ನು, ಇವೇ ನಮ್ಮ ಅನ್ನ. ನಮ್ಮಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ರು. 1941ರಲ್ಲಿ ಶುರುವಾದ ಫ್ಯಾಕ್ಟರಿ, ದೇಶಕ್ಕೆಲ್ಲಾ ಲೇತು ಕೊಟ್ಟಿದ್ದು ನಮ್ಮ ತುಂಗಭದ್ರೆ ದಂಡೆ, ಈಗ ಹೇಳಿದ್ರೆ ಹುಡುಗ್ರು ನಂಬಲ್ಲ. ನನ್ನ ಶೆಡ್ಡಿನಲ್ಲಿರೋ ಒಂದು ಲೇತು ಅಲ್ಲೀದೇ. ಇದನ್ನ ಯಾಕೆ ಹೇಳ್ದೆ ಅಂದ್ರೆ ಆ ಮನುಷ್ಯ ನನ್ನ ಹಿಡಿದಿದ್ದೇ ಈ ಹೆಮ್ಮೆಯಿಂದ.

2025ರ ಜೂನ್. ನೆನಪಿರಬೇಕಲ್ಲ, ನಮ್ಮ ದೇಶದಲ್ಲೇ ಮಾಡ್ತಿರೋ ಜೆಟ್ ಎಂಜಿನ್ ಕಾವೇರಿಗೆ ಸರ್ಕಾರ ದುಡ್ಡು ಕೊಡ್ಲಿ ಅಂತ ಎಲ್ರ ಮೊಬೈಲಲ್ಲೂ ಅದೇ ಓಡ್ತಿತ್ತು. ತೇಜಸ್ ಯುದ್ಧ ವಿಮಾನ ರೆಡಿ ಐತಿ, ಅಮೆರಿಕದ ಎಂಜಿನ್ ಬೇಕಾದಷ್ಟು ಬಂದಿಲ್ಲ ಅಂತ ಟಿವಿಯಲ್ಲಿ ದಿನಾ ಕೂಗಾಟ. ಅಂಥಾ ಟೈಮಲ್ಲಿ ಒಬ್ಬ ಬಿಳಿ ಕಾರಲ್ಲಿ ಬಂದ, ಇಸ್ತ್ರಿ ಅಂಗಿ, ಕೊರಳಲ್ಲಿ ಒಂದು ಐಡಿ ಕಾರ್ಡು ಉಲ್ಟಾ ನೇತಾಡ್ತಿತ್ತು (ಕೊನೇವರೆಗೂ ಅದು ಸೀದಾ ಆಗ್ಲೇ ಇಲ್ಲ ನೋಡ್ರಿ). ಲೇತಿನ ಮೇಲಿನ ಹೆಸರು ಓದಿ, "ಸರ್, ಇದು ಹರಿಹರದ ಮಷೀನಲ್ವಾ, ಇಂಥಾ ಕೈಗಳೇ ಬೇಕಾಗಿರೋದು ನಮ್ಗೆ. ಅಮೆರಿಕದೋರ ಮುಂದೆ ಎಷ್ಟು ದಿನ ಕೈ ಚಾಚೋದು? ಆರೇ ತಿಂಗಳು, ಕಾವೇರಿ ಎಂಜಿನ್ ತೇಜಸ್ ಒಳಗೆ ಕೂರುತ್ತೆ, ಬುಷ್ಷು ನಿಮ್ದಿರುತ್ತೆ" ಅಂದ. ನನಗೆ ಮೈ ಜುಂ ಅಂತು, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ಒಂದಿನ ಕಾರಲ್ಲಿ ಕೂರಿಸ್ಕೊಂಡು ಚಳ್ಳಕೆರೆ ಕಡೆ ಕರ್ಕೊಂಡು ಹೋದ. ಕುದಾಪುರದ ಹತ್ರ ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಓದು ಏರೋನಾಟಿಕಲ್ ಟೆಸ್ಟ್ ರೇಂಜ್ ಐತಲ್ಲ, 2017ರಲ್ಲಿ ಉದ್ಘಾಟನೆ ಆಗಿದ್ದು, ಅದರ ಕಾಂಪೌಂಡ್ ಕಾಣೋ ಜಾಗದಲ್ಲಿ ಕಾರು ನಿಲ್ಸಿ, ಗ್ಲಾಸಿನಿಂದಲೇ ಬೆರಳು ತೋರ್ಸಿ "ಒಳಗಡೆ ಸರ್ ನಮ್ಗೆ ಕಾಯ್ತಿದಾರೆ" ಅಂದ. ಅಷ್ಟರಲ್ಲಿ ಅವನಿಗೆ ಫೋನ್ ಬಂತು, "ಅಯ್ಯೋ ಸರ್‌ಗೆ ಅರ್ಜೆಂಟ್ ಡೆಲ್ಲಿ ಮೀಟಿಂಗ್ ಅಂತೆ" ಅಂತ ಗಾಡಿ ತಿರುಗಿಸ್ದ. ವಾಪಸ್ ಬರ್ತಾ ನಾಯಕನಹಟ್ಟಿಯಲ್ಲಿ ಇಳಿಸಿ ತಿಪ್ಪೇಸ್ವಾಮಿಗೆ ಕಾಯಿ ಬೇರೆ ಒಡೆಸಿದ. ಮಾಡಿದಷ್ಟು ನೀಡು ಭಿಕ್ಷೆ ಅಂದ ದೇವರ ಮುಂದೆ ಕೂತು ನನ್ನ ಹತ್ರ ರಿಜಿಸ್ಟ್ರೇಷನ್ ಫೀ 35 ಸಾವಿರ ಫೋನ್‌ಪೇ ಮಾಡಿಸ್ಕೊಂಡ, ವಾರದಲ್ಲೇ ಸೆಕ್ಯೂರಿಟಿ ಡಿಪಾಸಿಟ್ ಅಂತ 1 ಲಕ್ಷ 25 ಸಾವಿರ. ಆ ಟೆಸ್ಟ್ ರೇಂಜ್‌ಗೂ ಇವನಿಗೂ ಏನೇನೂ ಸಂಬಂಧ ಇರ್ಲಿಲ್ಲ ಅನ್ನೋದು ಬೇರೆ ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷ್ಯ. ಟ್ರಯಲ್‌ಗೆ ಅಂತ ಒಂದು ತುಂಡು ಕೊಟ್ಟ, 50 ಎಂಎಂ ರಾಡು, ಇಂಕೊನೆಲ್ 718 ಅಂತ. ಅದು ನಿಜವಾದ್ದೇ, ಅಲ್ಲೇ ಇರೋದು ಅವನ ಬುದ್ಧಿ. ನಿಕ್ಕಲ್ ಜಾಸ್ತಿ ಇರೋ ಲೋಹ ಅದು, ಜೆಟ್ ಎಂಜಿನ್‌ಗಳಲ್ಲಿ ಡಿಸ್ಕು, ಕೇಸಿಂಗು, ಬೋಲ್ಟು ಎಲ್ಲಾ ಇದ್ರಲ್ಲಿ ಮಾಡ್ತಾರೆ, ಕಾದ್ರೂ ಬಲ ಬಿಡಲ್ಲ. ಕತ್ತರಿಸೋಕೆ ಹೋದ್ರೆ ಗೊತ್ತಾಗೋದು ಅದರ ಗುಣ. ಮಾಮೂಲಿ ಎಂಎಸ್ (ಸಾದಾ ಉಕ್ಕಿನ) ರಾಡನ್ನ ಕಾರ್ಬೈಡ್ ಟಿಪ್‌ನಲ್ಲಿ (ಲೋಹ ಕೊಯ್ಯೋ ಗಟ್ಟಿ ಮೂತಿ) ನಿಮಿಷಕ್ಕೆ 200 ಮೀಟರ್ ಸ್ಪೀಡಲ್ಲಿ ಆರಾಮಾಗಿ ಓಡಿಸ್ತೀವಿ, ಇದನ್ನ 30-40ರಲ್ಲಿ ಓಡಿಸಿದ್ರೂ ಟಿಪ್ಪು ಹತ್ತು ನಿಮಿಷಕ್ಕೆ ಮೂತಿ ಸುಟ್ಕೊಂಡು ಕೂತಿತು. ಲೋಹದೊಳಗೆ ಶಾಖ ಹರಿಯಲ್ಲ, ಎಲ್ಲಾ ಬಂದು ಟಿಪ್ಪಿನ ತುದೀಲೇ ಕೂರ್ತದೆ. ಇನ್ನೊಂದು ಕಾಟ ಅಂದ್ರೆ ಟಿಪ್ಪು ಸ್ವಲ್ಪ ಮೊಂಡಾಗಿ ಮೇಲೆ ಉಜ್ಜಿತು ಅಂದ್ರೆ ಆ ಜಾಗ ಮೊದಲಿಗಿಂತ ಗಟ್ಟಿ ಆಗಿಬಿಡ್ತದೆ, ಮುಂದಿನ ಪಾಸ್ ಹೋದ್ರೆ ಕಲ್ಲಿಗೆ ಬಡಿದಂಗೆ.

ನಮ್ಮ ಶೆಡ್ಡಿನಲ್ಲಿ ಅಪ್ಪನ ಜೊತೆ ಕೆಲ್ಸ ಮಾಡಿದ ಒಬ್ರು ಚಾಚಾ ಅದಾರೆ, ಎಪ್ಪತ್ತು ದಾಟೈತಿ, ಬರಬ್ಯಾಡ್ರಿ ಅಂದ್ರೂ ಬರ್ತಾರೆ. ಅವ್ರು ಪಕ್ಕ ನಿಂತು "ಸವರಬ್ಯಾಡ ಬೇಟಾ, ಕೊಯ್ಯಿ. ಒಂದೇ ಸಲಕ್ಕೆ ಒಳಗೆ ಹೋಗ್ಬೇಕು, ನಿಲ್ಲಬಾರ್ದು" ಅಂತ ಹೇಳ್ಕೊಡ್ತಾ ಹೋದ್ರು. ಮೂರು ದಿನ, ಹದಿನೇಳು ಟಿಪ್ಪು, ಒಂದು ಬುಷ್ಷು. ಮೈಕ್ರೋಮೀಟರ್ ಇಟ್ಟು ನೋಡಿದ್ರೆ ಸೈಜು ಸರಿ ಬಂದಿತ್ತು. ಆವತ್ತು ರಾತ್ರಿ ಮನೇಲಿ ನಾನೇ ವಿಮಾನ ಹಾರಿಸಿದಷ್ಟು ಕುಣಿದಾಡಿದೀನಿ.

ಅವ್ನು ಬುಷ್ಷು ನೋಡಿ "ಪಾಸ್ ಸರ್, 400 ಪೀಸು ನಿಮ್ಗೇ" ಅಂದ. ಆದ್ರೆ ಮೆಟೀರಿಯಲ್ ನೀವೇ ತಗೋಬೇಕು, ಅಪ್ರೂವ್ಡ್ ಸಪ್ಲೈಯರ್ ಒಬ್ರೇ ಇರೋದು, ಕೆಜಿಗೆ 3,400. 200 ಕೆಜಿಗೆ 6 ಲಕ್ಷ 80 ಸಾವಿರ. ಹೆಂಡ್ತಿ ಕೇಳಿದ್ಲು, "ರೀ, ಆರ್ಡರ್ ಕಾಗದ ಎಲ್ಲೈತಿ?" ಅಂತ. ಡಿಫೆನ್ಸ್ ವಿಷ್ಯ, ಕಾನ್ಫಿಡೆನ್ಷಿಯಲ್ ಕಣೆ, ಹಂಗೆಲ್ಲ ಕಾಗದ ಕೊಡಲ್ಲ ಅಂತ ಅವನು ಹೇಳಿದ್ದನ್ನೇ ನಾನೂ ದೊಡ್ಡ ಮನುಷ್ಯನಂಗೆ ಹೇಳ್ದೆ. ಸೊಸೈಟಿ ಸಾಲ ಎತ್ತಿ ಕಟ್ಟಿದೆ. ಟಿಪ್ಪು, ಕೂಲೆಂಟು ಅಂತ ಇನ್ನೊಂದು 50 ಸಾವಿರ.

ರಾಡು ಬಂತು. ಲೇತಿನ ಚಕ್‌ಗೆ ಕಟ್ಟಿ ಶುರು ಮಾಡಿದ್ರೆ ಏನು ಚೆಂದ ಹೋತು ಅಂತೀರಿ. ಒಂದೇ ಟಿಪ್ಪಲ್ಲಿ ಮಧ್ಯಾಹ್ನದವರೆಗೂ ಓಡಿತು. ನಾನು ಪೆದ್ದ, ಕೈ ಕುದುರಿತು ಅಂತ ಖುಷಿಪಟ್ಟೆ. ಚಾಚಾ ಮಾತ್ರ ಚಿಪ್ಸ್ ಒಂದು ಸುರುಳಿ ಎತ್ಕೊಂಡು ಬೆಳಕಿಗೆ ಹಿಡಿದು ನೋಡಿ "ಇದು ಆ ಮಾಲಲ್ಲ ಬೇಟಾ" ಅಂದ್ರು. ಗ್ರೈಂಡರ್‌ಗೆ ಹಿಡಿದ್ರು. ಹಳೇ ಟ್ರಯಲ್ ತುಂಡು ಇಟ್ರೆ ಕೆಂಪಗೆ ಚೋಟುದ್ದ ಕಿಡಿ, ಅದೂ ನಾಕು ಎಣಿಸಿದಂಗೆ. ಹೊಸ ರಾಡು ಇಟ್ರೆ ಹಳದಿ ಕಿಡಿ ಮೊಳದುದ್ದ ಚಿಮ್ತು. ಮ್ಯಾಗ್ನೆಟ್ಟು ಎರಡಕ್ಕೂ ಹಿಡಿಯಲ್ಲ, ಅದಕ್ಕೇ ಮೊದ್ಲು ಗೊತ್ತಾಗಿರ್ಲಿಲ್ಲ. ಆದ್ರೂ ನನಗೆ ನಂಬಿಕೆ ಬರ್ಲಿಲ್ಲ, ಎರಡರಲ್ಲೂ 48 ಎಂಎಂ ಡಯಾ, 100 ಎಂಎಂ ಉದ್ದದ ತುಂಡು ಮಾಡ್ಕೊಂಡು ಪಕ್ಕದ ಕಿರಾಣಿ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡೀಲಿ ಇಟ್ಟೆ. ಹಳೇದು 1,480 ಗ್ರಾಂ, ಹೊಸದು 1,435. ಅಂಗಡಿಯವ್ರು "ಏನಣ್ಣ, ಬಂಗಾರನಾ?" ಅಂದ್ರು. ಆಮೇಲೆ ಬೆಂಗಳೂರಿನ ಲ್ಯಾಬಿಗೆ ಕಳ್ಸಿದ್ರೆ ರಿಪೋರ್ಟ್ ಬಂತು, ಹೋಟೆಲ್ ಪಾತ್ರೆ, ಸಿಂಕು ಮಾಡೋ ಅದೇ 304 ಸ್ಟೇನ್‌ಲೆಸ್ಸು. ಎರಡರ ರೇಟಿಗೂ ಹತ್ತು ಪಟ್ಟಿಗಿಂತ ಜಾಸ್ತಿ ಫರಕು. ಫೋನು ಅವತ್ತಿಂದ ಸ್ವಿಚ್ ಆಫ್.

ಪೊಲೀಸ್ ಕಂಪ್ಲೇಂಟ್ ಕೊಟ್ಟಾಯ್ತು, ಅದು ನಡೀತೈತಿ.

ಆಮೇಲೆ ನಿದ್ದೆ ಬರದೆ ರಾತ್ರಿಯೆಲ್ಲಾ ಈ ಕಾವೇರಿ ಎಂಜಿನ್ ಬಗ್ಗೆ ಓದ್ತಾ ಕೂತೆ, ಮೊದ್ಲೇ ಓದಿದ್ರೆ ಸಾಲ ಉಳೀತಿತ್ತು. 1989ರಲ್ಲಿ ಮಂಜೂರಾದ ಪ್ರಾಜೆಕ್ಟು, ಬೆಂಗಳೂರಿನ ಜಿಟಿಆರ್‌ಇ ಅನ್ನೋ ಡಿಆರ್‌ಡಿಓ ಲ್ಯಾಬು ಮಾಡ್ತಿರೋದು, ಆಗ ಇಟ್ಟ ದುಡ್ಡು 382 ಕೋಟಿ ಚಿಲ್ರೆ, ಆಮೇಲೆ ಅದು 2,000 ಕೋಟಿ ದಾಟಿತು. ತ್ರಸ್ಟು (ಮುಂದೆ ತಳ್ಳೋ ಬಲ) ಬೇಕಾದಷ್ಟು ಬರ್ಲಿಲ್ಲ, ತೂಕ ಜಾಸ್ತಿ ಆಯ್ತು, 2008ರಲ್ಲೇ ತೇಜಸ್‌ನಿಂದ ಅದನ್ನ ಬಿಡಿಸಿಬಿಟ್ರು. 2010ರಲ್ಲಿ ರಷ್ಯಾದಲ್ಲಿ ದೊಡ್ಡ ವಿಮಾನಕ್ಕೆ ಕಟ್ಟಿ ಹಾರಿಸಿ ಟೆಸ್ಟ್ ಮಾಡಿದಾರೆ, ಕೆಲ್ಸ ನಿಂತಿಲ್ಲ, ಈಗ ಪೈಲಟ್ ಇಲ್ಲದ ವಿಮಾನಕ್ಕೆ ಅಂತ ಮುಂದುವರ್ಸಿದಾರೆ. "ಆರು ತಿಂಗಳಲ್ಲಿ ತೇಜಸ್ ಒಳಗೆ" ಅನ್ನೋ ಒಂದು ಮಾತಿಗೇ ಅವ್ನ ಕಾರಿನ ಬಾಗ್ಲು ತೆಗೆದು ಕಳಿಸಬೇಕಿತ್ತು ನಾನು.

ಹಂಗಂತ ಹೊರಗಿನವ್ರನ್ನ ನಂಬ್ಕೊಂಡು ಕೂತ್ರೆ ಆಯ್ತು ಅನ್ನೋರ ಮಾತೂ ನನಗೆ ಸರಿಬರಲ್ಲ. 83 ತೇಜಸ್ ಮಾರ್ಕ್ 1ಎ ಆರ್ಡರ್ ಆಗಿದ್ದು 2021ರ ಫೆಬ್ರವರಿ, ಅದೇ ಆಗಸ್ಟ್‌ನಲ್ಲಿ ಅಮೆರಿಕದ 99 ಎಫ್404 ಎಂಜಿನ್‌ಗೆ 5,375 ಕೋಟಿ ಒಪ್ಪಂದ, ಮೊದಲ್ನೇ ಎಂಜಿನ್ ಕೊಟ್ಟಿದ್ದು 2025ರ ಮಾರ್ಚಲ್ಲಿ. ಆ ಮಾಡೆಲ್ ಲೈನು ಐದು ವರ್ಷ ನಿಂತಿತ್ತು, ತಿರುಗಿ ಶುರು ಮಾಡೋದು ತಡ ಆಯ್ತು ಅಂತ ಆ ಎಂಜಿನ್ ಮಾಡೋ ಜಿಇ ಕಂಪ್ನಿಯೋರ ವಿವರಣೆ. ಲೈನ್ ನಿಂತ್ರೆ ತಿರುಗಿ ಎಬ್ಬಿಸೋದು ಎಷ್ಟು ಕಷ್ಟ ಅಂತ ಕಿರ್ಲೋಸ್ಕರ್ ಫ್ಯಾಕ್ಟರಿ ಮುಚ್ಚಿದ್ದು ಕಂಡ ಹರಿಹರದೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ಆದ್ರೆ ನಾವು ವಿಮಾನ ಕಟ್ಟಿಟ್ಕೊಂಡು ಕಾಯ್ತಾ ಕೂರಬೇಕಾಯ್ತಲ್ಲ. 1998ರಲ್ಲಿ ಪೋಖ್ರಾನ್ ಆದ್ಮೇಲೆ ತೇಜಸ್‌ನ ಫ್ಲೈಟ್ ಕಂಟ್ರೋಲ್ ಕೆಲ್ಸದಲ್ಲಿದ್ದ ನಮ್ಮೋರನ್ನ ಅಮೆರಿಕದಿಂದ ಹೊರಗೆ ಕಳಿಸಿದ್ರು. ಅದಕ್ಕೂ ಮುಂಚೆ ಮಾರುತ್ ಅಂತ ಒಂದು ವಿಮಾನ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಎಂಜಿನಿಯರ್ ಜೊತೆ ಸೇರಿ ಮಾಡಿದ್ದು, 1961ರ ಜೂನ್ 17ಕ್ಕೆ ಹಾರಿತು. ಬಾಡಿ ಶಬ್ದದ ವೇಗ ದಾಟೋ ಹಂಗಿತ್ತು, ಬ್ರಿಟಿಷ್ ಆರ್ಫಿಯಸ್ ಎಂಜಿನ್‌ಗೆ ಅಷ್ಟು ಕಸುವಿರ್ಲಿಲ್ಲ, ಬೇಕಾಗಿದ್ದ ದೊಡ್ಡ ಎಂಜಿನ್ ಬರ್ಲೇ ಇಲ್ಲ. ಎತ್ತು ಒಬ್ರದ್ದು, ಗಾಡಿ ಒಬ್ರದ್ದು ಆದ್ರೆ ಹಿಂಗೇ.

ನನ್ನ ಸಿಎನ್‌ಸಿ ಕಂಟ್ರೋಲರೂ ಹೊರದೇಶದ್ದೇ ಅನ್ರಿ, ಎರಡು ವರ್ಷದ ಹಿಂದೆ ಬೋರ್ಡ್ ಹೋಗಿ ಐದು ವಾರ ಮಷೀನು ಮಲಗಿತ್ತು, ಅದರ ಕಥೆ ಬೇರೆ.

ಆ ಹದಿನೇಳು ಟಿಪ್ಪು ಸುಟ್ಕೊಂಡ ಮೇಲೆ ನನಗೆ ಅರ್ಥ ಆಗಿದ್ದು ಏನಂದ್ರೆ ಎಂಜಿನ್ ಕಷ್ಟ ಇರೋದು ಡ್ರಾಯಿಂಗಲ್ಲಿ ಮಾತ್ರ ಅಲ್ಲ, ಲೋಹದಲ್ಲಿ. ನಾನು ಕೊಯ್ದಿದ್ದು ಸುಲಭದ ಲೋಹ ಕಣ್ರಿ. ಒಳಗಡೆ ಬೆಂಕಿ ಬಾಯಿಗೇ ನಿಲ್ಲೋ ಟರ್ಬೈನ್ ಬ್ಲೇಡ್ ಇರ್ತಾವಲ್ಲ, ಅಲ್ಲಿ ಹರಿಯೋ ಗ್ಯಾಸಿನ ಬಿಸಿ ಆ ಬ್ಲೇಡಿನ ಲೋಹ ಕರಗೋ ಬಿಸಿಗಿಂತ ಜಾಸ್ತಿ! ಅದು ಕರಗಬಾರ್ದು ಅಂತ ಬ್ಲೇಡೊಳಗೆ ಸಣ್ಣ ಸಣ್ಣ ದಾರಿ ಬಿಟ್ಟು ಗಾಳಿ ಹಾಯಿಸ್ತಾರೆ, ಇಡೀ ಬ್ಲೇಡನ್ನ ಒಂದೇ ಹರಳಾಗಿ ಬೆಳೆಸ್ತಾರೆ, ಕಲ್ಲುಸಕ್ಕರೆ ಬೆಳೆಸಿದಂಗೆ. ಹೈದರಾಬಾದಿನ ಡಿಎಂಆರ್‌ಎಲ್ ಅನ್ನೋ ಡಿಆರ್‌ಡಿಓ ಲೋಹದ ಲ್ಯಾಬಿನೋರು 2021ರಲ್ಲಿ ಹೆಲಿಕಾಪ್ಟರ್ ಎಂಜಿನ್‌ಗೆ ಅಂಥಾ 60 ಬ್ಲೇಡು ಮಾಡಿ ಎಚ್‌ಎಎಲ್‌ಗೆ ಕೊಟ್ಟಿದಾರೆ, ಆದ್ದರಿಂದ ನಮ್ಮ ಕೈಲಾಗಲ್ಲ ಅನ್ನೋದು ಸುಳ್ಳು. ಆದ್ರೆ ಇದು ಹತ್ತಿಪ್ಪತ್ತು ವರ್ಷ ಒಂದೇ ಕುಲುಮೆ ಮುಂದೆ ಕೂರೋ ಕೆಲ್ಸ, ನಡುವೆ ದುಡ್ಡು ನಿಲ್ಲಿಸಬಾರ್ದು, ಬೈಬಾರ್ದು. 2025ರ ನವೆಂಬರಲ್ಲಿ ಮತ್ತೆ 113 ಅಮೆರಿಕದ ಎಂಜಿನ್‌ಗೆ ಸಹಿ ಬಿತ್ತು, 2027ರಿಂದ 2032ರ ತನಕ ಬರ್ತಾವೆ. ಅಲ್ಲಿತನಕ ಗತಿಯಿಲ್ಲ, ವಿಮಾನ ಹಾರಬೇಕಲ್ಲ. ಆ ಸಹಿ ಸುದ್ದಿ ಓದ್ದಾಗ ನನ್ನ ಶೆಡ್ಡಲ್ಲಿ 304 ರಾಡಿನ ರಾಶಿ ಮೇಲೆ ಬೆಕ್ಕು ಮಲಗಿತ್ತು.

ನಿಮ್ಗೆ ಯಾರಾದ್ರೂ ಬಂದ್ರೆ ಇಷ್ಟು ನೋಡ್ರಿ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅಂತ ಸರ್ಕಾರದ ನೋಂದಣಿ) ಇರೋ ಸಣ್ಣ ಘಟಕಕ್ಕೆ ಕೇಂದ್ರ ಸರ್ಕಾರದ ಟೆಂಡರ್‌ನಲ್ಲಿ ಇಎಂಡಿ (ಟೆಂಡರ್ ಹಾಕೋವಾಗ ಇಡೋ ಡಿಪಾಸಿಟ್) ಮಾಫಿ ಐತಿ, ಉದ್ಯಮ್ ಮಾಡ್ಸೋದೂ ಫ್ರೀ, ಯಾರದ್ದೋ ಫೋನ್‌ಪೇಗೆ ಡಿಪಾಸಿಟ್ ಹಾಕೋ ಪದ್ಧತಿ ಎಲ್ಲೂ ಇಲ್ಲ. ಪರ್ಚೇಸ್ ಆರ್ಡರ್ ಇಲ್ಲದೆ ಒಂದು ರಾಡೂ ತಗೋಬ್ಯಾಡ್ರಿ. ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿದ್ರೆ ಕಂಪ್ನಿ ಹೆಸ್ರು ಬರ್ತದೆ, ನಾನು ಆಮೇಲೆ ಹಾಕಿದೆ, ಯಾರದ್ದೋ ಸೀರೆ ಅಂಗಡಿ ಬಂತು. ಮಿಲ್ ಟೆಸ್ಟ್ ಸರ್ಟಿಫಿಕೇಟಲ್ಲಿ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನೋ ಗುರುತು) ಇರ್ತದೆ, ಅದೇ ನಂಬರು ರಾಡಿನ ತುದೀಲಿ ಪಂಚ್ ಆಗಿರ್ಬೇಕು, ನನ್ನ ರಾಡಿಗೆ ಬರೀ ನೀಲಿ ಪೇಂಟ್ ಬಳಿದಿತ್ತು. ಡ್ರಾಯಿಂಗಲ್ಲಿ ನಂಬರ್ ಇರೋ ಜಾಗ ಕಪ್ಪು ಮಾಡಿದ್ರೆ ಆ ಡ್ರಾಯಿಂಗು ವಾಪಸ್ ಕೊಡ್ರಿ. ಮತ್ತೆ ಏರೋಸ್ಪೇಸ್ ಕೆಲ್ಸ ಅಂದ್ರೆ ಎಎಸ್9100 ಅನ್ನೋ ಗುಣಮಟ್ಟದ ಸರ್ಟಿಫಿಕೇಟ್ ಮೊದ್ಲು ಕೇಳ್ತಾರೆ, ಇವನು ನನ್ನ ಹತ್ರ ಐತಾ ಅಂತ ಕೇಳ್ಲೇ ಇಲ್ಲ, ನಮ್ಮ ಶೆಡ್ಡಿನ ಚಾ ಕುಡಿದು ಪಾಸ್ ಅಂದ.

ಮೊನ್ನೆ ಹರಿಹರದ ಒಬ್ರು ವರ್ಕ್‌ಶಾಪ್‌ನೋರು ಫೋನ್ ಮಾಡಿದ್ರು, ಅವ್ರಿಗೂ ಒಂದು ಡ್ರಾಯಿಂಗ್ ಬಂದೈತಂತೆ. ವಾಟ್ಸಾಪಲ್ಲಿ ಕಳ್ಸಿ ಅಂದೆ. ಅದೇ ಬುಷ್ಷು, ಅದೇ ಸೈಜು, ಈ ಸಲ ಮಿಸೈಲ್‌ಗಂತೆ, ಡಿಪಾಸಿಟ್ 60 ಸಾವಿರ. ದುಡ್ಡು ಹಾಕಬ್ಯಾಡ್ರಿ, ಮೆಟೀರಿಯಲ್ ಸ್ಯಾಂಪಲ್ ಒಂದು ತಂದ್ಕೊಡು ಅಂತ ಕೇಳ್ರಿ ಅಂದೆ. ಭಾನುವಾರ ಅವ್ನು ಅವ್ರ ಶೆಡ್ಡಿಗೆ ಬರ್ತಾನಂತೆ. ಚಾಚಾ ಶನಿವಾರ ರಾತ್ರೀನೇ ಹೋಗ್ತೀನಿ ಅಂತ ಕೂತಿದಾರೆ.