850 ರೂಪಾಯಿಯ ಕಿಟ್ಟು, ಹೊಳೆಯುವ ಮೊಳೆ

ಮಗಳು ಈಗ ಹತ್ತನೇ ಕ್ಲಾಸು. ರಾಸಾಯನಿಕ ಕ್ರಿಯೆಯ ಬಗೆಗಳು ಸಂಯೋಗ (ವಸ್ತುಗಳು ಸೇರಿ ಒಂದಾಗೋದು), ವಿಭಜನೆ (ಒಂದು ಒಡೆದು ಹಲವಾಗೋದು), ಸ್ಥಾನಪಲ್ಲಟ (ಒಂದು ಇನ್ನೊಂದನ್ನು ತಳ್ಳಿ ಅದರ ಜಾಗ ಹಿಡಿಯೋದು), ದ್ವಿಸ್ಥಾನಪಲ್ಲಟ (ಎರಡು ವಸ್ತುಗಳು ತಮ್ಮ ಭಾಗ ಅದಲುಬದಲು ಮಾಡಿಕೊಳ್ಳೋದು) ಅಂತ ನಾಲ್ಕನ್ನೂ ಗಿಣಿಪಾಠ ಒಪ್ಪಿಸುತ್ತಾಳೆ. ಒಂದನ್ನೂ ಕಣ್ಣಲ್ಲಿ ಕಂಡಿಲ್ಲ. ಅದಕ್ಕೇ ರಾಜಾಜಿನಗರದಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಅವೆನ್ಯೂ ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಈ ನಾಲ್ಕನ್ನೂ ಮಾಡಿ ನೋಡೋ ಪ್ರಯೋಗದ ಕಿಟ್ ತಂದೆ. ಹೇಳಿದ್ದು 1,100, ಚೌಕಾಸಿ ಮಾಡಿ 850ಕ್ಕೆ ಬಂತು.

ಟೆಸ್ಟ್ ಟ್ಯೂಬುಗಳು ಗಟ್ಟಿಯಾಗಿವೆ. ಸ್ಪಿರಿಟ್ ದೀಪವೂ ಪರವಾಗಿಲ್ಲ. ಆದರೆ ಕಣ್ಣಿಗೆ ಹಾಕೋ ಕನ್ನಡಕ ಇಲ್ಲ. ಕಿಟ್ಟಿನಲ್ಲಿರೋ ಮೈಲುತುತ್ತ (ತಾಮ್ರದ ಸಲ್ಫೇಟು) ವಿಷ, ಆ ಡಬ್ಬಿಯ ಮೇಲೆ ಒಂದು ಎಚ್ಚರಿಕೆಯ ಮಾತೂ ಇಲ್ಲ. ಇದು ಸಣ್ಣ ತಪ್ಪಲ್ಲ.

ಸಂಯೋಗಕ್ಕೆ ಕೊಟ್ಟ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯಾಗಬೇಕು. ನಮ್ಮದು ತಣ್ಣಗೆ ಕೂತಿತ್ತು. ಮುಚ್ಚಳ ಸಡಿಲ, ಗಾಳಿಯ ತೇವ ಕುಡಿದು ಡಬ್ಬಿಯಲ್ಲೇ ಅರಳಿಹೋಗಿದೆ. ವಿಭಜನೆ ಚೆನ್ನಾಗಿ ಆಯಿತು. ಅಡುಗೆ ಸೋಡಾ ಕಾಯಿಸಿ, ಬಂದ ಅನಿಲವನ್ನು ಬೀಡಾ ಅಂಗಡಿಯ ಸುಣ್ಣದ ತಿಳಿನೀರಿಗೆ ಬಿಟ್ಟೆವು, ಹಾಲಿನ ಹಾಗೆ ಬೆಳ್ಳಗಾಯಿತು. ದ್ವಿಸ್ಥಾನಪಲ್ಲಟಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನ ನೀರಿಗೆ ವಾಷಿಂಗ್ ಸೋಡಾ ಬೆರೆಸಿದಾಗಲೂ ತಕ್ಷಣ ಬಿಳಿ ಗಸಿ.

ತಕರಾರು ಬಂದದ್ದು ಸ್ಥಾನಪಲ್ಲಟದಲ್ಲಿ. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಬಿಟ್ಟರೆ ಮೊಳೆಗೆ ಕೆಂಪು ತಾಮ್ರ ಹತ್ತಬೇಕು, ನೀಲಿ ನೀರು ತಿಳಿಹಸಿರಾಗಬೇಕು. ನಮ್ಮ ಮೊಳೆಗೆ ಕರಿ ಕೆಸರಿನಂಥದ್ದು ಮೆತ್ತಿಕೊಂಡಿತು. ನೀಲಿ ಪೇಲವವಾಯಿತು, ಹಸಿರು ಬರಲೇ ಇಲ್ಲ. 'ಅಮ್ಮಾ, ಪುಸ್ತಕವೇ ತಪ್ಪಾ?' ಅಂದಳು. ನನಗೂ ಅರ್ಧ ಗಂಟೆ ತಲೆ ಓಡಲಿಲ್ಲ. ಆಮೇಲೆ ಪೊಟ್ಟಣದಲ್ಲಿ ಉಳಿದ ಮೊಳೆ ನೋಡಿದೆ. ಬೆಳ್ಳಿಯ ಹಾಗೆ ಹೊಳೀತಿತ್ತು! ತುಕ್ಕು ಹಿಡಿಯದಿರಲಿ ಅಂತ ಸತು ಬಳಿದ ಮೊಳೆ ಅದು. ಸತು ಕಬ್ಬಿಣಕ್ಕಿಂತ ಚುರುಕು, ಮೊದಲು ತಾನೇ ತಾಮ್ರವನ್ನು ಹೊರಗೆ ತಳ್ಳುತ್ತದೆ. ಸತುವಿನ ಸಲ್ಫೇಟಿಗೆ ಬಣ್ಣವೇ ಇಲ್ಲ, ಹಸಿರು ಎಲ್ಲಿಂದ ಬರಬೇಕು?

ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದ ಸಾದಾ ಕಪ್ಪು ಮೊಳೆ ತಂದು, ಮರಳು ಕಾಗದದಲ್ಲಿ ಉಜ್ಜಿ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೆ ಕೆಂಪಾಯಿತು. ಮಗಳು ಎರಡೂ ಮೊಳೆಗಳನ್ನು ಪಕ್ಕಪಕ್ಕ ಇಟ್ಟು ಫೋಟೋ ತೆಗೆದಳು.

ಅಂಗಡಿಯವರಿಗೆ ಫೋನ್ ಮಾಡಿ ಹೇಳಿದೆ. 'ಮೊಳೆ ಅಂದ್ರೆ ಮೊಳೆ ಅಲ್ವಾ ಮೇಡಂ' ಅಂದರು. ಸುಣ್ಣದ ಬದಲು ಬೇರೆ ಡಬ್ಬಿ ಕೊಡ್ತೀವಿ ಅಂತ ಒಪ್ಪಿದ್ದಾರೆ, ಅದಕ್ಕೆ ಮತ್ತೆ ಚಿಕ್ಕಪೇಟೆಗೆ ಹೋಗಬೇಕು. ಕಿಟ್ಟಿಗೆ ನನ್ನ ಅಂಕ ಐದಕ್ಕೆ ಎರಡೂವರೆ. ಕೊಳ್ಳುವವರು ಕನ್ನಡಕ, ಸಾದಾ ಮೊಳೆ ಬೇರೆಯಾಗಿ ತಂದಿಟ್ಟುಕೊಳ್ಳಿ.