24, 50, 85: ಬೆಟ್ಟಕ್ಕೆ ಯಾವುದು, ಮುಖಕ್ಕೆ ಯಾವುದು?

ಲ್ಯಾಂಡ್‌ಸ್ಕೇಪ್‌ಗೆ ವೈಡ್ (ಅಗಲ ನೋಟದ ಲೆನ್ಸ್), ಪೋರ್ಟ್ರೇಟ್‌ಗೆ 85 ಮಿ.ಮೀ. ಲೆನ್ಸ್ ಬಗ್ಗೆ ಯಾರನ್ನು ಕೇಳಿದರೂ ಇದೇ ಉತ್ತರ. ಈ ಮಿ.ಮೀ. ಲೆನ್ಸ್‌ನ ಫೋಕಲ್ ಲೆಂಗ್ತ್; ಅದು ಹೆಚ್ಚಿದಷ್ಟೂ ನೋಟ ಕಿರಿದು, ದೂರದ್ದು ದೊಡ್ಡದು. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರ್‌ನ) ಕ್ಯಾಮೆರಾದಲ್ಲಿ 24, 50, 85 ಮಿ.ಮೀ. ಮೂರನ್ನೂ ಎರಡೂ ಕೆಲಸಕ್ಕೆ ಹಾಕಿ ನೋಡಿದ್ದೇನೆ. ಮುಖದ ವಿಷಯದಲ್ಲಿ ಆ ಮಾತು ಸರಿ. ಬೆಟ್ಟದ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಮೊದಲು ಮುಖ. ಕ್ಯಾಮೆರಾ ಉದ್ದಕ್ಕೆ ಹಿಡಿದು, ತಲೆ ಮತ್ತು ಭುಜ ತುಂಬುವಂತೆ ಫ್ರೇಮ್ ಇಟ್ಟುಕೊಳ್ಳಿ. 24ರಲ್ಲಿ ಸುಮಾರು 40 ಸೆಂ.ಮೀ. ಹತ್ತಿರಕ್ಕೆ ಹೋಗಬೇಕು. 50ರಲ್ಲಿ 80 ಸೆಂ.ಮೀ. ಮೇಲೆ. 85ರಲ್ಲಿ ಹೆಚ್ಚುಕಡಿಮೆ ಒಂದೂವರೆ ಮೀಟರ್ ದೂರ ಸಿಗುತ್ತದೆ. ಈಗ ಲೆಕ್ಕ ನೋಡಿ. ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ. 40 ಸೆಂ.ಮೀ.ನಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಶೇ. 30ರಷ್ಟು ಹಿಗ್ಗಿರುತ್ತದೆ, ಕಿವಿಗಳು ಕೆನ್ನೆಯ ಹಿಂದೆ ಸರಿದುಬಿಡುತ್ತವೆ. ಒಂದೂವರೆ ಮೀಟರ್‌ನಿಂದ ತೆಗೆದರೆ ಅದು ಶೇ. 8 ಮಾತ್ರ. ಅಂದರೆ ಮುಖ ಬದಲಾಯಿಸುವುದು ಲೆನ್ಸ್ ಅಲ್ಲ, ನೀವು ನಿಂತಿರುವ ದೂರ. ಅದೇ 24 ಹಾಕಿ ದೂರ ನಿಂತು, ಆಮೇಲೆ ಕ್ರಾಪ್ ಮಾಡಿ ನೋಡಿ. ಮೂಗು ಸರಿಯಾಗಿಯೇ ಇರುತ್ತದೆ, ಪಿಕ್ಸೆಲ್ ಮಾತ್ರ ಸಾಲುವುದಿಲ್ಲ.

ಇನ್ನೊಂದು ವಿಷಯವೂ ಇದೆ. 40 ಸೆಂ.ಮೀ. ಹತ್ತಿರ ಕ್ಯಾಮೆರಾ ಬಂದರೆ ಯಾರ ಮುಖವೂ ಬಿಗಿಯಾಗುತ್ತದೆ, ಅಲ್ವಾ? 85ರ ದೂರದಲ್ಲಿ ಮಾತಾಡಿಸುತ್ತಾ ತೆಗೆಯಬಹುದು. ಎಫ್/1.8ರಲ್ಲಿ (ಇದು ಲೆನ್ಸ್ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಶಾರ್ಪ್ ಆಗುವ ಆಳ ಕಡಿಮೆ) ಹಿನ್ನೆಲೆ ಚೆನ್ನಾಗಿ ಕರಗುತ್ತದೆ. ಆದರೆ ಮುಖ ಸ್ವಲ್ಪ ತಿರುಗಿದ್ದರೂ ಒಂದು ಕಣ್ಣು ಶಾರ್ಪ್, ಇನ್ನೊಂದು ಮಂಕು. ಕಿಂಡಿಯನ್ನು ಎಫ್/2.8ಕ್ಕೆ ಕಿರಿದು ಮಾಡಿಕೊಳ್ಳುವುದೇ ವಾಸಿ.

ಬೆಟ್ಟಕ್ಕೆ ಬರೋಣ. 24ರಲ್ಲಿ ಎಲ್ಲವೂ ಫ್ರೇಮಿನೊಳಗೆ ಬರುತ್ತದೆ, ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಬೆಟ್ಟ ಮಾತ್ರ ಪುಟ್ಟದಾಗಿಬಿಡುತ್ತದೆ. ಕಾಲ ಬುಡದಲ್ಲೇ ಒಂದು ಬಂಡೆಯೋ ನೀರಿನ ಹರಿವೋ ಇದ್ದರೆ 24 ಬಿಟ್ಟು ಬೇರೇನೂ ಬೇಡ. ಎಫ್/8ರಲ್ಲಿ ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು ಒಂದೂಕಾಲು ಮೀಟರ್‌ನಿಂದ ದಿಗಂತದವರೆಗೆ ಶಾರ್ಪ್. ಮುಂದೆ ಏನೂ ಇಲ್ಲದಿದ್ದರೆ ಸುಮ್ನೆ ಖಾಲಿ ನೆಲ, ಖಾಲಿ ಆಕಾಶ.

ಅಂಥ ಕಡೆ ನಾನು 85 ಹಾಕುತ್ತೇನೆ. ಒಂದರ ಹಿಂದೊಂದು ಇರುವ ಬೆಟ್ಟದ ಸಾಲುಗಳು ಹತ್ತಿರ ಬಂದು ನಿಂತ ಹಾಗೆ ಕಾಣುತ್ತವೆ. ಮುಂದಿನ ಸಾಲು ಕಪ್ಪು, ಹಿಂದಿನವು ಒಂದಕ್ಕಿಂತ ಒಂದು ತಿಳಿ ನೀಲಿ. ಬೆಳಗಿನ ಮಂಜಿದ್ದರೆ ಇನ್ನೂ ಚೆಂದ. ಇದಕ್ಕೆ ಬೆಲೆಯೂ ಇದೆ. ಎಫ್/8ರಲ್ಲೂ 15 ಮೀಟರ್‌ಗಿಂತ ಹತ್ತಿರದ್ದು, ದೂರದ ಬೆಟ್ಟದ ಜೊತೆಗೆ ಶಾರ್ಪ್ ಆಗುವುದಿಲ್ಲ. ಕೈ ಅಲುಗಾಟವೂ ಜಾಸ್ತಿ ಗೊತ್ತಾಗುತ್ತದೆ.

50? ಎರಡಕ್ಕೂ ನಡೆಯುತ್ತದೆ. ಕೆಲಸ ಮಾಡುತ್ತಿರುವವರನ್ನು ಸೊಂಟದವರೆಗೆ, ಕೈ ಕಾಣುವಂತೆ ತೆಗೆಯಲು ನನಗೆ ಅದೇ ಇಷ್ಟ. ಲ್ಯಾಂಡ್‌ಸ್ಕೇಪ್‌ನಲ್ಲಿ ಅದು ನನಗೆ ಒಗ್ಗಲಿಲ್ಲ.

ಎರಡೇ ಲೆನ್ಸ್ ಅಂದರೆ 24 ಮತ್ತು 85. ಒಂದೇ ಅಂದರೆ ನನ್ನ ಆಯ್ಕೆ 85. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಇದ್ದರೆ ಸುಮಾರು 1.5ರಿಂದ ಭಾಗಿಸಿ: 16 ಮತ್ತು 56. ಜೊತೆಗೆ ಬಂದ 18-55 ಕಿಟ್ ಲೆನ್ಸ್ ಇದ್ದರೆ ಅದು ಹೆಚ್ಚುಕಡಿಮೆ 27ರಿಂದ 82ರವರೆಗಿನ ನೋಟ ಕೊಡುತ್ತದೆ. ದುಡ್ಡು ಹಾಕುವ ಮೊದಲು ಅದರ ಎರಡು ತುದಿಗಳಲ್ಲೇ ಒಂದು ಮುಖ, ಒಂದು ಬೆಟ್ಟ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.